ಬೇಸಗೆಯ ಗೊರಬು

ಗೊರಬು ಮಳೆಗಾಲದ ಸಾಮಾನು. ಬಿದಿರು ಸೀಳಿ ಹೆಣೆದು, ನಡುವೆ ಒಣಗಿದ ಎಲೆ ಒತ್ತಿ, ನೆತ್ತಿಯಿಂದ ಸೊಂಟದವರೆಗೆ ಬೆನ್ನು ಮುಚ್ಚುವಂತೆ ಮಾಡಿದ ಅದನ್ನು ಸೊರಬದ ಕಡೆಯ ಹೆಂಗಸರು ನಾಟಿ ಗದ್ದೆಯಲ್ಲಿ ಬಗ್ಗಿ ನಿಂತಾಗ ತಲೆಗೆ ಹಾಕಿಕೊಳ್ಳುತ್ತಾರೆ. ಮಳೆ ನಿಂತರೆ ಅದು ಅಟ್ಟಕ್ಕೆ ಹೋಯಿತು. ತಾಳಗುಂದದಂಥ ಅರೆ ಬಯಲಿನ ಊರಲ್ಲಿ ಅದೂ ಬೇಕಿಲ್ಲ, ಕಂಬಳಿಯನ್ನು ಮಡಿಚಿ ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡರೆ ಮುಗಿಯಿತು. ಅಂಥ ಊರಲ್ಲಿ, ಯುಗಾದಿಯ ಆಚೀಚಿನ ಸುಡುಬಿಸಿಲಲ್ಲಿ, ಆಕಾಶದಲ್ಲಿ ಅಂಗೈಯಗಲ ಮೋಡವೂ ಇಲ್ಲದ ದಿನ ಗೊರಬು ಹಾಕಿಕೊಂಡು ಬೀದಿಯಲ್ಲಿ ನಡೆಯುವ ಹೆಂಗಸು ಒಬ್ಬಳೇ ಇದ್ದಳು. ಅವಳ ಹೆಸರು ಅಕ್ಕನಾಗಮ್ಮ.

ಗೊರಬಿನ ಕೆಳಗಿನ ವೇಷವೂ ಕಡಿಮೆಯದಲ್ಲ. ಸೀರೆಯ ಮೇಲೆ ತಮ್ಮನ ಹಳೆಯ ತುಂಬುತೋಳಿನ ಅಂಗಿ, ಅದರ ಗುಂಡಿ ಕುತ್ತಿಗೆಯವರೆಗೂ ಹಾಕಿರಬೇಕು. ಮುಂಗೈ ಮುಚ್ಚಲಿ ಅಂತ ತೋಳಿನ ತುದಿಗೆ ಇನ್ನೊಂದು ಗೇಣು ಬಟ್ಟೆ ಜೋಡಿಸಿ ಹೊಲಿದಿದ್ದಳು. ಸೆರಗನ್ನು ಗಲ್ಲದ ಕೆಳಗಿಂದ ಸುತ್ತಿ ಬಿಗಿದಿರುತ್ತಿದ್ದಳು. ಕಟ್ಟೆಯ ಮೇಲೆ ಹೊತ್ತು ಕಳೆಯುವ ಗಂಡಸರಿಗೆ ಇಷ್ಟು ಸಾಕಲ್ಲ?

"ಏನವ್ವ ಅಕ್ಕನಾಗಿ, ಮಳಿ ಬಂತೇನು?"

"ಬಂದೈತಿ, ಬೆಂಕಿ ಮಳಿ. ನಿಮ್ಮವು ಎಮ್ಮಿ ಚರ್ಮ, ಗೊತ್ತಾಗಲ್ಲ."

ಕೊಡದ ಬಾಯಿ ಕಟ್ಟಬಹುದು, ಊರ ಬಾಯಿ ಕಟ್ಟಲಾಗದು ಅಂತಾರೆ. ಅಕ್ಕನಾಗಮ್ಮ ಊರ ಬಾಯಿ ಕಟ್ಟಲು ಹೋಗಲಿಲ್ಲ, ತನ್ನ ಬಾಯಿಯನ್ನೂ ಕಟ್ಟಿಕೊಳ್ಳಲಿಲ್ಲ. ಅವಳು ಹುಟ್ಟಿದ್ದೇ ಬೆಳ್ಳಗೆ. ಕೂದಲು ಸೆಣಬಿನ ಬಣ್ಣ, ಹುಬ್ಬು ರೆಪ್ಪೆಯೂ ಬಿಳಿ, ಬೆಳಕು ಕಂಡರೆ ಮುಚ್ಚಿಕೊಳ್ಳುವ ಬೂದುಗಣ್ಣು. ಚಿಕ್ಕವಳಿದ್ದಾಗ ಓರಗೆಯವರು "ಬಿಳಿ ಜಿರಳೆ" ಅನ್ನುತ್ತಿದ್ದರು. ದೊಡ್ಡವಳಾದ ಮೇಲೆ ಅವರೇ ಹೆಣ್ಣು ನೋಡಲು ಬಂದವರ ಕಿವಿಯಲ್ಲಿ ಬೇರೆ ಏನೋ ಅಂದರು. ಬಂದವರು ಅವಲಕ್ಕಿ ತಿಂದು ಎದ್ದುಹೋದರು. ಹೀಗೆ ಮದುವೆಯಿಲ್ಲದೆ ನಲವತ್ತೆರಡು ತುಂಬಿದ ಅಕ್ಕನಾಗಮ್ಮ ತಮ್ಮ ಪರಮಶಿವಪ್ಪನ ಮನೆಯಲ್ಲೇ ಉಳಿದಳು. ಉಳಿದಳು ಅಂದರೆ ಮೂಲೆ ಹಿಡಿದಳು ಅಂತಲ್ಲ. ತಮ್ಮನೋ ಕಾಳುಕಡಿಯ ವ್ಯಾಪಾರಕ್ಕೆ ಅಂತ ಶಿಕಾರಿಪುರಕ್ಕೆ ತಿರುಗುವಾತ, ಹೊಲಗದ್ದೆ ನಡೆಯುತ್ತಿದ್ದದ್ದು ಇವಳಿಂದ.

ನಾಟಿಗೆ ಆ ಊರಲ್ಲಿ ಮುಯ್ಯಾಳು ಪದ್ಧತಿ. ಇವತ್ತು ನೀನು ನನ್ನ ಗದ್ದೆಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ. ಅಕ್ಕನಾಗಮ್ಮ ಮಾತ್ರ ಮಬ್ಬುಗತ್ತಲೆಗೇ ಗದ್ದೆಗಿಳಿದು, ಬುತ್ತಿಯ ಹೊತ್ತಿಗೆ ಮೇಲೆ ಬಂದು, ಮತ್ತೆ ಇಳಿಹೊತ್ತಿಗೆ ಇಳಿಯುವಳು. ನೆತ್ತಿಯ ಮೇಲೆ ಹೊತ್ತು ಇರುವಾಗ ಮೋಡವಿದ್ದರೂ ಅವಳು ಗದ್ದೆಯಲ್ಲಿ ಇರುವುದಿಲ್ಲ. ನಾಟಿ ಸಾಲಿನ ಮುಂದಾಳು ವರದಮ್ಮ ಒಂದು ವರ್ಷ ತಗಾದೆ ತೆಗೆದಳು, ಇವಳದು ಅರ್ಧ ಆಳು, ಮುಯ್ಯಿಗೆ ಪೂರ್ತಿ ಆಳು ಹೇಗೆ ಕೊಡುವುದು ಅಂತ. "ಮೊಳ ಹಾಕಿ ಅಳಿ" ಅಂದಳು ಅಕ್ಕನಾಗಮ್ಮ. ಅಳೆದರು. ಎಲ್ಲರಿಗಿಂತ ಮೂರು ಮೊಳ ಹೆಚ್ಚೇ ನೆಟ್ಟಿದ್ದಳು. ವರದಮ್ಮ ಆಮೇಲೆ ಆ ಮಾತು ಎತ್ತಲಿಲ್ಲ.

ಅವಳಿಗೆ ಬಿಸಿಲಿನ ಮೇಲೆ ಹುಟ್ಟಾ ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ಏಳನೆಯ ವರ್ಷದಲ್ಲಿ. ಅಪ್ಪ ಬೆನಕಪ್ಪ ಮಗಳ ಬಿಳುಪನ್ನು ತೊನ್ನು ಅಂದುಕೊಂಡ. ತೊನ್ನಿಗೆ ಆ ಸೀಮೆಯಲ್ಲಿ ಹಳೆಯ ಔಷಧಿಯೊಂದಿತ್ತು. ಬಾವಂಚಿ ಬೀಜ ಅರೆದು ಬಿಳಿ ಮಚ್ಚೆಗೆ ಹಚ್ಚುವುದು, ರೋಗಿಯನ್ನು ಬಿಸಿಲಿಗೆ ಕೂರಿಸುವುದು. ತೊನ್ನಿನವರಲ್ಲಿ ಕೆಲವರಿಗೆ ಅದರಿಂದ ಬಣ್ಣ ತಿರುಗಿದ್ದೂ ಉಂಟು, ಸುಳ್ಳಲ್ಲ. ಆದರೆ ನಡುವೆ ಬಣ್ಣ ಕಳೆದುಕೊಂಡ ಚರ್ಮ ಬೇರೆ, ಬಣ್ಣವೇ ಇಲ್ಲದೆ ಹುಟ್ಟಿದ ಚರ್ಮ ಬೇರೆ. ಕಳೆದದ್ದನ್ನು ಹುಡುಕಬಹುದು, ಇಲ್ಲದ್ದನ್ನು ಎಲ್ಲಿಂದ ತರುವುದು? ಈ ಮಾತು ಅಪ್ಪನಿಗೂ ಗೊತ್ತಿರಲಿಲ್ಲ, ಔಷಧಿ ಕೊಟ್ಟವರಿಗೂ ಗೊತ್ತಿರಲಿಲ್ಲ. ಹುಡುಗಿಯ ಮುಖ, ಕಿವಿ, ಕೈಗೆ ಹಚ್ಚಿ ಕಣದ ನಡುವೆ ಚಾಪೆ ಹಾಸಿ ಕೂರಿಸಿದರು. ನಾಲ್ಕನೆಯ ದಿನ ಮೈ ತುಂಬ ಬೊಬ್ಬೆ ಎದ್ದವು. ಒಂದು ತಿಂಗಳು ಬಾಳೆಯೆಲೆಯ ಮೇಲೆ ಮಲಗಿದ್ದಳು. ಎಡಗಿವಿಯ ಮೇಲಂಚು ಸುರುಟಿಹೋಯಿತು.

ಬೆನಕಪ್ಪ ಮಗಳಿಗೆ ಒಂದು ಮಾತೂ ಹೇಳಲಿಲ್ಲ. ಸೊರಬದ ಸಂತೆಗೆ ಹೋಗಿ ಒಂದು ಗೊರಬು ತಂದು ಜಗಲಿಯ ಮೇಲಿಟ್ಟು ಹೊಲಕ್ಕೆ ಹೋದ. ಅವ್ವ ಮಾತ್ರ ಮಗಳ ತಲೆ ಸವರಿ, "ಬಿಸಿಲು ನಿನ್ನ ಸವತಿ ಕಣವ್ವ, ಅವಳ ಕಣ್ಣಿಗೆ ಬೀಳಬ್ಯಾಡ" ಅಂದಿದ್ದಳು. ಗಂಡನಿಲ್ಲದವಳಿಗೂ ಒಬ್ಬಳು ಸವತಿ ಅಂತ ಅಕ್ಕನಾಗಮ್ಮ ಆಮೇಲೆ ಎಷ್ಟೋ ಸಲ ನಗುತ್ತ ಹೇಳಿದ್ದುಂಟು. ಅಪ್ಪ ಬಾಯಿಬಿಡದೆ ಹೋದದ್ದನ್ನು ಮಾತ್ರ ಅವಳು ಯಾವತ್ತೂ ನಗುತ್ತ ಹೇಳಲಿಲ್ಲ.

ಹೀಗೆ ಒಬ್ಬಳೇ ಸವತಿಯ ಜೊತೆ ಏಗಿಕೊಂಡು ಹೋಗುತ್ತಿದ್ದಳೇನೋ. ಆದರೆ ಪರಮಶಿವಪ್ಪನಿಗೆ ಹುಟ್ಟಿದ ಮಗಳೂ ಬೆಳ್ಳಗೇ ಇದ್ದಳು. ಅದೇ ಕೂದಲು, ಅದೇ ಕಣ್ಣು. ಮಗುವಿಗೆ ಮುತ್ತಜ್ಜಿಯ ಹೆಸರು ನೀಲಾಂಬಿಕ ಅಂತಿಟ್ಟರು. ಬಸುರಿಯಿದ್ದಾಗ ಏನು ತಿಂದೆ, ಏನು ನೋಡಿದೆ ಅಂತ ಊರ ಹೆಂಗಸರು ಬಾಣಂತಿ ರಾಜೇಶ್ವರಮ್ಮನನ್ನು ಕೇಳಿ ಕೇಳಿ ಅಳಿಸಿದರು. ಅಕ್ಕನಾಗಮ್ಮ ನಡುಮನೆಗೆ ಬಂದು, "ಆಕಿ ನನ್ನ ನೋಡ್ಯಾಳ, ಇನ್ನೇನು ನೋಡ್ಬೇಕಿತ್ತು? ಎದ್ದು ಹೋಗ್ರಿ" ಅಂದು ಎಲ್ಲರನ್ನೂ ಎಬ್ಬಿಸಿದಳು. ಆಮೇಲೆ ಮಗುವಿಗೆ ಕುಂಚಿಗೆ ಹೊಲಿಯಲು ಕೂತಳು. ತಲೆ ಬೆನ್ನು ಎರಡೂ ಮುಚ್ಚುವ ಆ ಕುಂಚಿಗೆಯನ್ನು ಮಕ್ಕಳಿಗೆ ವರ್ಷ ತುಂಬಿದ ಮೇಲೆ ಯಾರೂ ಹಾಕುವುದಿಲ್ಲ. ನೀಲಾಂಬಿಕೆಗೆ ನಾಲ್ಕು ವರ್ಷವಾದರೂ ಸೋದರತ್ತೆ ಹೊಸ ಹೊಸ ಅಳತೆಗೆ ಹೊಲಿಯುತ್ತಲೇ ಇದ್ದಳು. ಮಗು ಆಡುವುದು ಬೆಳಗ್ಗೆ, ಸಂಜೆ. ನಡು ಹೊತ್ತಿನಲ್ಲಿ ನೆರಳು. ಮಗುವಿನ ಮೈಮೇಲೆ ಒಂದು ಸುಟ್ಟ ಕಲೆಯೂ ಇರಲಿಲ್ಲ.

ಕಲೆ ಇದ್ದದ್ದು ಅತ್ತೆಯ ಮೈಮೇಲೆ. ಸುರುಟಿದ ಎಡಗಿವಿಯಂಚಿನಲ್ಲಿ ರಾಗಿಕಾಳಿನಷ್ಟು ಹಕ್ಕಳೆ ಎದ್ದಿತ್ತು. ಬಿತ್ತು, ಮತ್ತೆ ಕಟ್ಟಿತು. ತಲೆ ಬಾಚುವಾಗ ಬಾಚಣಿಗೆ ತಾಗಿದರೆ ರಕ್ತ. ಅರಿಸಿನ ಹಚ್ಚಿದಳು, ಬೇವು ಅರೆದಿಟ್ಟಳು, ಶಿಕಾರಿಪುರದ ಸಂತೆಯ ಮುಲಾಮು ತರಿಸಿದಳು. ಎರಡು ದೀಪಾವಳಿ ಕಳೆದರೂ ಅದು ಮಾಯಲಿಲ್ಲ. ಅವರೆಕಾಳಿನಷ್ಟಾಯಿತು. ಊರು ಕಂಡರೆ ದೊಡ್ಡ ರೋಗ, ಕುಷ್ಠ ಅಂದುಬಿಡುತ್ತದೆ, ಆಮೇಲೆ ಮುಯ್ಯಾಳಿಗೂ ಕರೆಯುವುದಿಲ್ಲ ಅಂತ ಸೆರಗಿನಡಿ ಮುಚ್ಚಿಟ್ಟಳು. ಯಾರಿಗೂ ಹೆದರದವಳು ಇದೊಂದಕ್ಕೆ ಹೆದರಿದ್ದಳು.

ಕ್ಯಾಸನೂರಿನ ಕಾಡಲ್ಲಿ ಮಂಗಗಳು ಸತ್ತು ಬಿದ್ದು, ಜನಕ್ಕೂ ಆ ಜ್ವರ ಹತ್ತಿದ ಮರುವರ್ಷ ಅದು. ಯುಗಾದಿ ಹತ್ತಿರ ಬಂದಿತ್ತು. ಪರಮಶಿವಪ್ಪ ಒಂದು ದಿನ ಉಜ್ಜಪ್ಪ ಪಂಡಿತರನ್ನು ಮನೆಗೆ ಕರೆತಂದ. ಸೊರಬದ ಕಡೆಯವರು, ಅರವತ್ತರ ಆಸುಪಾಸು, ನಿಧಾನದ ಮಾತು. ತೊನ್ನಿಗೆ ಅವರ ಕೈಗುಣ ದೊಡ್ಡದು ಅಂತ ಹೆಸರು. ಬಂದಳಿಕೆ ಊರಿನ ಒಬ್ಬನಿಗೆ ಕೈಯ ಬಿಳುಪೆಲ್ಲ ತಿರುಗಿದ್ದನ್ನು ಪರಮಶಿವಪ್ಪ ಕಣ್ಣಾರೆ ಕಂಡಿದ್ದ. ಪಂಡಿತರು ಮಗುವಿನ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಮೈ ಪೂರಾ ಹಬ್ಬಿದೆ. ಸಣ್ಣ ವಯಸ್ಸು, ಹೆದರದು ಬ್ಯಾಡ. ಹಬ್ಬ ಕಳೆದು ಬರೋ ಸೋಮವಾರ ಶುರು ಮಾಡನ. ಬಾವಂಚಿ ಲೇಪ, ನಲವತ್ತೆಂಟು ದಿನ ಬಿಸಿಲು."

ಒಳಗಿದ್ದ ಅಕ್ಕನಾಗಮ್ಮನಿಗೆ ಆ ಬೀಜದ ಹೆಸರು ಕೇಳಿಯೇ ಮೈ ಉರಿದಂತಾಯಿತು. ಪಂಡಿತರು ಎದ್ದು ಹೋಗುವವರೆಗೆ ತಡೆದುಕೊಂಡಳು.

"ಪರಮೇಶಿ, ಇದು ಬ್ಯಾಡ. ನನಗ ಏನಾತು ಅನ್ನೋದು ನಿನಗ ಗೊತ್ತಿಲ್ಲೇನು?"

"ಆಗ ಕೊಟ್ಟೋರಿಗೆ ಅಳತಿ ಗೊತ್ತಿರ್ಲಿಲ್ಲ ಅಕ್ಕ. ಇವ್ರು ಹಂಗಲ್ಲ."

"ಅಳತಿ ಅಲ್ಲೋ ತಪ್ಪಿದ್ದು. ನಮ್ದು ತೊನ್ನೇ ಅಲ್ಲ."

"ಮತ್ತೇನು? ಹಿಂಗ ಬಿಟ್ರ ನಾಳೆ ಅವಳನ್ನ ಯಾರು ಮಾಡ್ಕೊಂತಾರ? ಅವಳೂ ನಿನ್ನಂಗ ಆಗ್ಬೇಕೇನು?"

ಮಾತು ಬಾಯಿಂದ ಜಾರಿದ್ದು ಅವನಿಗೇ ಗೊತ್ತಾಯಿತು. ತಲೆ ತಗ್ಗಿಸಿದ. ಅಕ್ಕನಾಗಮ್ಮ ತಲೆ ತಗ್ಗಿಸಲಿಲ್ಲ.

"ನನ್ನಂಗ ಆದ್ರ ಏನಾತು? ನಿನ್ನ ಕಣಜ ಖಾಲಿ ಇಟ್ಟೀನೇನು? ಯಾರ ಮುಂದಾದ್ರೂ ಕೈ ಒಡ್ಡೀನೇನು?"

"ಆತು ಅಕ್ಕ. ಓದಿದೋರು ಯಾರಾದ್ರೂ ಬ್ಯಾಡ ಅನ್ಲಿ. ಬಿಟ್ಬಿಡ್ತೀನಿ."

ಅವನು ಅಂದದ್ದು ಮಾತು ಮುಗಿಸಲು. ಅವಳು ಅದನ್ನೇ ಹಿಡಿದುಕೊಂಡಳು. ಮಂಗನ ಕಾಯಿಲೆ ನೋಡಲು ದೊಡ್ಡ ದೊಡ್ಡ ಡಾಕ್ಟರುಗಳು ಸೊರಬಕ್ಕೆ ಬಂದು ಕೂತಿದ್ದಾರೆ ಅನ್ನುವ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಹಬ್ಬ ಕಳೆದ ಶನಿವಾರ ಕತ್ತಲಿರುವಾಗಲೇ ಎದ್ದು ಶಿರಾಳಕೊಪ್ಪಕ್ಕೆ ನಡೆದಳು. ಅಲ್ಲಿಂದ ಸೊರಬದ ಬಸ್ಸು.

ಬಸ್ಸಿನಲ್ಲಿ ಒಂದು ತಮಾಷೆ ನಡೆಯಿತು. ಆ ಡಾಕ್ಟರುಗಳ ಜೊತೆ ಒಬ್ಬಿಬ್ಬರು ಪರದೇಶದವರೂ ಇದ್ದಾರೆ ಅಂತ ಕಂಡಕ್ಟರನಿಗೆ ಗೊತ್ತಿತ್ತು. ಬಿಳಿಯ ಮುಖ, ಗಂಡಸರ ಅಂಗಿ, ತಲೆಯ ಮೇಲೆ ವಿಚಿತ್ರ ಟೋಪಿ ನೋಡಿ ಯಾರೋ ದೊರೆಸಾನಿ ಅಂದುಕೊಂಡು, ಮುಂದಿನ ಸೀಟಿನಲ್ಲಿದ್ದ ಇಬ್ಬರನ್ನು ಎಬ್ಬಿಸಿ ಕೂರಿಸಿದ. ಅಕ್ಕನಾಗಮ್ಮ ತುಟಿಪಿಟಕ್ಕೆನ್ನದೆ ಕೂತಳು. ಹುಟ್ಟಿದಂದಿನಿಂದ ಈ ಬಣ್ಣಕ್ಕೆ ದಂಡ ಕಟ್ಟಿದ್ದಾಳೆ, ಒಂದು ದಿನ ಸೀಟು ಸಿಕ್ಕರೆ ಪಾಪವೇನಿಲ್ಲ. ಸೊರಬ ಬಂದಾಗ ಗೊರಬು ಎತ್ತಿಕೊಂಡು, "ಆಸ್ಪತ್ರಿ ಹತ್ರ ಇಳಸಪ್ಪ, ಪುಣ್ಯ ಬರ್ತದ" ಅಂದಳು. ಕಂಡಕ್ಟರ್ ಬಾಯಿ ತೆರೆದುಕೊಂಡೇ ನಿಂತಿದ್ದ.

ಅಲ್ಲಿ ಕನ್ನಡಕ ಹಾಕಿಕೊಂಡ ಮೈಸೂರು ಕಡೆಯ ಡಾಕ್ಟರೊಬ್ಬರು ಜ್ವರದವರ ಸಾಲನ್ನು ನೋಡುತ್ತಿದ್ದರು. ಇವಳ ಸರದಿ ಬಂತು.

"ಜ್ವರ ಇದೆಯೇನಮ್ಮ?"

"ಇಲ್ರಿ."

"ಮನೆ ಹತ್ತಿರ ಮಂಗ ಏನಾದರೂ ಸತ್ತಿದೆಯಾ?"

"ಇಲ್ರಿ. ನಿಮಗ ತೋರಿಸ್ಕೊಳ್ಳಾಕ ಮಂಗ್ಯಾ ಸಾಯೋತನಕ ಕಾಯಬೇಕೇನ್ರಿ?"

ಡಾಕ್ಟರು ತಲೆಯೆತ್ತಿ ನೋಡಿ ನಕ್ಕರು. ಅವಳು ಸೆರಗು ಸರಿಸಿ ಕಿವಿ ತೋರಿಸಿದಳು. ನಗು ನಿಂತಿತು. ಬೆಳಕಿಗೆ ತಿರುಗಿಸಿ ನೋಡಿದರು, ಅಂಚು ಒತ್ತಿದರು, ಕುತ್ತಿಗೆಯ ಗಂಟು ಮುಟ್ಟಿ ನೋಡಿದರು, ಸುತ್ತ ಸೂಜಿಯಿಂದ ಚುಚ್ಚಿ ನೋವಾಗುತ್ತದೆಯೇ ಅಂತ ಕೇಳಿದರು. ನೋವಾಗುತ್ತಿತ್ತು.

"ಜನ ಹೆದರುವ ದೊಡ್ಡ ರೋಗ ಅಲ್ಲ ಇದು. ಆದರೆ ಸಣ್ಣದೂ ಅಲ್ಲ. ಎಷ್ಟು ದಿನ ಆಯಿತು?"

"ಎರಡು ದೀಪಾವಳಿ ಆತ್ರಿ."

"ಒಂದು ಗಾಯ ತಿಂಗಳಾದರೂ ಮಾಯದಿದ್ದರೆ ಡಾಕ್ಟರಿಗೆ ತೋರಿಸಬೇಕು. ಇದು ಚರ್ಮದ ಕ್ಯಾನ್ಸರ್ ಇದ್ದ ಹಾಗಿದೆ. ಈಗ ಕತ್ತರಿಸಿದರೆ ಕಿವಿಯಂಚು ಹೋಗುತ್ತದೆ. ಬಿಟ್ಟರೆ ಒಳಗೆ ಇಳಿಯುತ್ತದೆ, ಆಮೇಲೆ ಯಾರ ಕೈಯಲ್ಲೂ ಆಗುವುದಿಲ್ಲ."

ಆಮೇಲೆ ಅಂಗಿಯ ತೋಳು ಮೇಲೆತ್ತಲು ಹೇಳಿದರು. ಎತ್ತಿದಳು. ಡಾಕ್ಟರು ತೋಳನ್ನು ತಿರುಗಿಸಿ ತಿರುಗಿಸಿ ನೋಡಿದರು. ನಲವತ್ತೆರಡು ವರ್ಷದ ಒಕ್ಕಲುತನದ ಹೆಂಗಸಿನ ತೋಳು ಹಸುಳೆಯ ಮೈಯಂತಿತ್ತು. ಹೀಗೆ ಹುಟ್ಟಿ ಹೊಲದಲ್ಲಿ ದುಡಿಯುವವರ ಚರ್ಮ ಮೂವತ್ತಕ್ಕೇ ಹುಣ್ಣಾಗುವುದನ್ನು ತಾನು ಕಂಡಿದ್ದೇನೆ, ನಿಮಗೆ ಇದನ್ನೆಲ್ಲ ಯಾರು ಕಲಿಸಿದರು ಅಂತ ಕೇಳಿದರು.

"ಯಾರೂ ಕಲಿಸ್ಲಿಲ್ರಿ. ಉರಿ ಕಲಿಸ್ತು."

ಅವರು ಕಾಂಪೌಂಡರನನ್ನು ಕರೆದು ಗೊರಬು ತೋರಿಸಿದರು. ಚರ್ಮದ ಕಪ್ಪು ಅಂದರೆ ಹುಟ್ಟುವಾಗಲೇ ಕೊಟ್ಟು ಕಳಿಸಿದ ಕೊಡೆ ಇದ್ದಂತೆ, ಈಕೆಗೆ ಅದು ಸಿಕ್ಕಿಲ್ಲ, ಅದಕ್ಕೇ ತಾನೇ ಒಂದು ಮಾಡಿಕೊಂಡಿದ್ದಾಳೆ ಅಂತ ವಿವರಿಸಿದರು. ಕೊಡೆ ಇದ್ದವರೂ ನಡು ಹೊತ್ತಿನಲ್ಲಿ ತಲೆಗೊಂದು ಬಟ್ಟೆ ಸುತ್ತಿಕೊಂಡರೆ ಕೆಡುಕೇನಿಲ್ಲ ಅಂತಲೂ ಅಂದರು. ಅಕ್ಕನಾಗಮ್ಮನಿಗೆ ಖುಷಿಯಾಯಿತು, ನಾಚಿಕೆಯೂ ಆಯಿತು. ಆದರೆ ಅವಳು ಬಂದದ್ದು ಹೊಗಳಿಸಿಕೊಳ್ಳಲಲ್ಲ. ನೀಲಾಂಬಿಕೆಯ ವಿಷಯ, ಬಾವಂಚಿಯ ವಿಷಯ ಎಲ್ಲ ಹೇಳಿದಳು. ಡಾಕ್ಟರ ಮುಖ ಕೆಂಪಾಯಿತು. ಮಗುವನ್ನು ಸುಡುತ್ತಾರೆ, ಬಣ್ಣವಂತೂ ಬರುವುದಿಲ್ಲ ಅಂದರು.

"ಇದು ನನಗ ಮೊದಲ ಗೊತ್ರಿ. ಹೆಂಗಸಿನ ಬಾಯಾಗಿದ್ರ ಯಾರೂ ಕೇಳಲ್ಲ. ಹಾಳಿ ಮ್ಯಾಲೆ ಬರ್ಕೊಡ್ರಿ. ಕನ್ನಡದಾಗ ಬರೀರಿ."

ಬರೆದುಕೊಟ್ಟರು. ಕಿವಿಯನ್ನೂ ಆವತ್ತೇ ಕತ್ತರಿಸಿರಿ ಅಂತ ಅವಳೇ ಕೂತಳು. ಮರಗಟ್ಟುವ ಸೂಜಿ ಕೊಟ್ಟು ಮೇಲಂಚನ್ನು ತೆಗೆದು, ತೆಗೆದ ಚೂರನ್ನು ಬಾಟಲಿಯಲ್ಲಿ ಹಾಕಿ ಪರೀಕ್ಷೆಗೆ ಕಳಿಸಿದರು. ಕಿವಿಯ ಆ ಜಾಗದಲ್ಲೇ ಹೆಂಗಸರು ಬುಗುಡಿಯ ಒಡವೆ ಹಾಕುವುದು. ಕಾಂಪೌಂಡರ್ ಅಯ್ಯೋ ಅಂದಾಗ, "ಇನ್ನೊಂದು ಕಿವಿ ಐತಲ್ಲ" ಅಂದಳು.

ಎರಡು ದಿನ ಅಲ್ಲೇ ಇಟ್ಟುಕೊಂಡು ಸೋಮವಾರ ಬೆಳಗ್ಗೆ ಬಿಟ್ಟರು. ತಾಳಗುಂದಕ್ಕೆ ಬಂದು ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಅವಳು ಮನೆಗೆ ಹೋಗಲಿಲ್ಲ, ನೇರ ಕಣಕ್ಕೆ ಹೋದಳು. ಎಣಿಸಿದಂತೆಯೇ ಆಗಿತ್ತು. ಕಣದ ನಡುವೆ ಚಾಪೆ. ಚಾಪೆಯ ಮೇಲೆ ನೀಲಾಂಬಿಕ, ಕುಂಚಿಗೆ ಇಲ್ಲ, ಅಂಗಿ ಇಲ್ಲ, ಕಣ್ಣು ಬಿಡಲಾರದೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿತ್ತು. ಪಕ್ಕದಲ್ಲಿ ಪಂಡಿತರು ಕಲ್ಲಿನಲ್ಲಿ ಲೇಪ ತೇಯುತ್ತಿದ್ದರು. ಹುಲ್ಲಿನ ಬಣವೆಯ ಹತ್ತಿರ ರಾಜೇಶ್ವರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

ಅಕ್ಕನಾಗಮ್ಮ ಗೊರಬು ತೆಗೆದು ಮಗುವಿನ ತಲೆಗೆ ಹಾಕಿದಳು. ಮಗು ಪೂರ್ತಿ ಅದರೊಳಗೆ ಮುಚ್ಚಿಹೋಯಿತು. ಆಮೇಲೆ ತಮ್ಮನ ಕೈಗೆ ಕಾಗದ ಕೊಟ್ಟಳು. ಪರಮಶಿವಪ್ಪ ಗಟ್ಟಿಯಾಗಿ ಓದಿದ. ಹುಟ್ಟಿನಿಂದ ಬಣ್ಣವಿಲ್ಲದ ಈ ಮಗುವನ್ನಾಗಲಿ ಅದರ ಸೋದರತ್ತೆಯನ್ನಾಗಲಿ ಬಿಸಿಲಿಗೆ ಕೂರಿಸಬಾರದು, ಬಾವಂಚಿ ಹಚ್ಚಬಾರದು ಅಂತ ಅದರಲ್ಲಿತ್ತು.

"ಡಾಕ್ಟ್ರು ಮಗೀನ ನೋಡಿದಾರಾ?" ಉಜ್ಜಪ್ಪ ಪಂಡಿತರು ತಣ್ಣಗೆ ಕೇಳಿದರು.

"ಇಲ್ಲ. ನನ್ನ ನೋಡ್ಯಾರ" ಅಂದಳು.

"ನೋಡ್ದೆ ಬರೆದದ್ದು ಅದು. ನಾನು ನೋಡಿ ಹೇಳಿದೀನಿ. ಇನ್ನು ನಿಮ್ಮಿಷ್ಟ ಪರಮಶಿವಪ್ಪನೋರೇ."

ಪರಮಶಿವಪ್ಪ ಕಾಗದ ಮಡಿಚಿದ. ಮಡಿಚಿ ಜೇಬಿಗಿಟ್ಟುಕೊಂಡ. ಅವನ ಕಣ್ಣು ಮಗುವಿನ ಮೇಲೆ ಹೋಯಿತು, ಪಂಡಿತರ ಮೇಲೆ ಹೋಯಿತು, ಅಕ್ಕನ ಮೇಲೆ ಬರಲಿಲ್ಲ. ಅಷ್ಟಕ್ಕೇ ಅವಳಿಗೆ ಅರ್ಥವಾಯಿತು. ಇಷ್ಟು ದೂರ ಹೋಗಿ ತಂದ ಕಾಗದ ಬಚ್ಚಲಿಗೆ ಬಿದ್ದಂತೆಯೇ ಆಯಿತು. ಸಿಟ್ಟು ನೆತ್ತಿಗೇರಿತು, ಆದರೆ ದನಿ ಏರಲಿಲ್ಲ. ಚಾಪೆಯ ಮೇಲೆ ಮಗುವಿನ ಪಕ್ಕ ಕೂತು, ಎಡಗೈಯ ಅಂಗಿತೋಳನ್ನು ಮೊಣಕೈಯ ಮೇಲಕ್ಕೆ ಸುತ್ತಿದಳು.

"ಪಂಡಿತ್ರೇ, ನನ್ನೂ ನೋಡ್ರಿ. ಅವಳೂ ಹುಟ್ಟಾ ಬಿಳಿ, ನಾನೂ ಹುಟ್ಟಾ ಬಿಳಿ. ಒಂದ ಬಳ್ಳಿ ಕಾಯಿ. ಮೊದ್ಲು ನನ್ನ ಕೈಗೆ ಹಚ್ರಿ. ನಿಮ್ಮ ಅಳತಿ, ನಿಮ್ಮ ಬಿಸಿಲು. ಮೂರು ದಿನ. ಕೈ ಕಪ್ಪಾದ್ರ ಮಗೀನ ನಾನ ಎತ್ಕೊಂಡು ಬಂದು ಇಲ್ಲಿ ಕುಂದರಿಸ್ತೀನಿ."

"ಅಕ್ಕ, ಹುಚ್ಚು ಗಿಚ್ಚು ಹಿಡೀತೇನು?" ಪರಮಶಿವಪ್ಪ ಮುಂದೆ ಬಂದ.

"ಆ ಹಾಳಿ ಮ್ಯಾಲೆ ನನಗೂ ಬಿಸಿಲು ಬ್ಯಾಡ ಅಂತ ಬರ್ದಾರ. ಓದಿ ಜೇಬಿನಾಗ ಇಟ್ಕೊಂಡೆಲ್ಲ, ಈಗ್ಯಾಕ ಅಡ್ಡ ಬರ್ತೀ?"

ಉಜ್ಜಪ್ಪ ಪಂಡಿತರು ಲೇಪದ ಕಲ್ಲನ್ನು ಅವಳ ಕಡೆ ಸರಿಸಿದರು. ಅವರಿಗೆ ತಮ್ಮ ಔಷಧಿಯ ಮೇಲೆ ನಂಬಿಕೆ ಇತ್ತು. ಆಗಲಿ ಅಂದರು. ಲೇಪ ಹಚ್ಚಿದರು. ರಾಜೇಶ್ವರಮ್ಮ ಓಡಿಬಂದು ಮಗುವನ್ನು ಗೊರಬಿನ ಸಮೇತ ಎತ್ತಿಕೊಂಡು ಒಳಗೆ ಹೋದಳು, ಮನೆಯ ಕಂಬಳಿ ತಂದು ಅಕ್ಕನಾಗಮ್ಮನ ತಲೆಗೆ ಕೊಪ್ಪೆ ಹಾಕಿದಳು. ಕಂಬಳಿಯೊಳಗೆ ಅಕ್ಕನಾಗಮ್ಮ, ಹೊರಗೆ ಮೂವತ್ತೈದು ವರ್ಷ ಬಿಸಿಲು ಕಾಣದ ಒಂದು ಕೈ.

ಸುದ್ದಿ ಹಬ್ಬಿ ಕಟ್ಟೆಯವರೆಲ್ಲ ಬಂದರು. ಮಳೆ ಬಂತೇನು ಅಂತ ಆವತ್ತು ಯಾರೂ ಕೇಳಲಿಲ್ಲ. ಮೊದಲ ದಿನ ಸಂಜೆಗೆ ಕೈ ಕೆಂಡದ ಬಣ್ಣಕ್ಕೆ ಬಂತು. ಇದು ಬಣ್ಣ ತಿರುಗುವ ಲಕ್ಷಣ ಅಂದರು ಪಂಡಿತರು. ಎರಡನೆಯ ದಿನ ಅವಳು ತಾನಾಗಿಯೇ ಬಂದು ಕೂತಳು. ಅವತ್ತು ಮಧ್ಯಾಹ್ನ ಕೈ ಊದಿಕೊಂಡು ಬಳೆ ಒಡೆಯಬೇಕಾಯಿತು. ಸಾಕು ಏಳು ಅಂತ ಪರಮಶಿವಪ್ಪ ಕೈಮುಗಿದ. "ಮೂರು ದಿನ ಅಂದೀನಿ" ಅಂದಳು. ನೋವು ಅವಳಿಗಿಲ್ಲ ಅಂತಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು. ಆದರೆ ಏಳು ವರ್ಷದವಳಿದ್ದಾಗ ಅವಳನ್ನು ಯಾರೂ ಕೇಳದೆ ಕೂರಿಸಿದ್ದರು. ಈ ಸಲ ಕೂತದ್ದು ಅವಳೇ, ಅದಕ್ಕೇ ತಡೆದುಕೊಂಡಳು.

ಮೂರನೆಯ ದಿನ ಬೆಳಗ್ಗೆ ಪಂಡಿತರು ಬಂದಾಗ ಮಣಿಕಟ್ಟಿನಿಂದ ಮೊಣಕೈಯವರೆಗೆ ನೀರು ತುಂಬಿದ ಬೊಬ್ಬೆಗಳು ಎದ್ದಿದ್ದವು. ಕಪ್ಪು ಅನ್ನುವುದು ಒಂದು ಸಾಸಿವೆಯಷ್ಟೂ ಇರಲಿಲ್ಲ. ಉಜ್ಜಪ್ಪ ಪಂಡಿತರು ಚಾಪೆಯ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

"ನಲವತ್ತು ವರ್ಷದಿಂದ ಕೊಡ್ತ ಇದೀನಿ" ಅಂದರು ಕೊನೆಗೆ. "ಹಿಂಗಾಗಿದ್ದು ನಾನು ನೋಡಿಲ್ಲ."

"ನೋಡಾಕ ಹೆಂಗಾಗ್ತದ್ರಿ? ವಾಸಿ ಆದೋರು ಹಣ್ಣುಕಾಯಿ ಹಿಡ್ಕೊಂಡು ನಿಮ್ಮನಿಗೆ ಬರ್ತಾರ. ಸುಟ್ಟೋರು ಬಾಳಿ ಎಲಿ ಮ್ಯಾಲೆ ಮಲಗಿರ್ತಾರ, ಎದ್ದು ಬಂದು ಹೇಳ್ತಾರೇನು?"

ಪಂಡಿತರು ಎದ್ದರು. ತೇಯ್ದ ಲೇಪವನ್ನು ತಿಪ್ಪೆಗೆ ಸುರಿದರು, ಕಲ್ಲನ್ನು ತೊಳೆದು ಗಂಟು ಕಟ್ಟಿದರು. ಹೊರಡುವಾಗ ಪರಮಶಿವಪ್ಪನಿಗಲ್ಲ, ಅಕ್ಕನಾಗಮ್ಮನಿಗೆ ಕೈಮುಗಿದರು. ಆ ಮನುಷ್ಯ ದೊಡ್ಡವನೇ ಅನ್ನಬೇಕು. ಆಮೇಲೆ ಸೊರಬದ ಕಡೆ ಹುಟ್ಟಾ ಬಿಳಿಯ ಮಕ್ಕಳನ್ನು ಯಾರೇ ತಂದರೂ, "ಇದು ನಂದಲ್ಲ, ನೆರಳಲ್ಲಿ ಬೆಳೆಸಿ" ಅಂತ ವಾಪಸು ಕಳಿಸುತ್ತಿದ್ದರಂತೆ.

ಕಿವಿಯ ಹೊಲಿಗೆ ಬಿಚ್ಚಿಸಲು ಹೋದಾಗ ಸೊರಬದ ಡಾಕ್ಟರು ಕೈ ನೋಡಿ ಬೈದ ಬೈಗಳನ್ನು ಅಕ್ಕನಾಗಮ್ಮ ಊರಲ್ಲಿ ಯಾರಿಗೂ ಹೇಳಲಿಲ್ಲ. ಸುಟ್ಟುಕೊಂಡದ್ದು ಸಣ್ಣ ತಪ್ಪಲ್ಲ, ಈ ಕೈಯನ್ನು ಬದುಕಿರುವವರೆಗೂ ಕಾಯಬೇಕು, ಹೊಸ ಗಂಟೋ ಮಾಯದ ಗಾಯವೋ ಕಂಡರೆ ದೀಪಾವಳಿ ಕಾಯಬಾರದು ಅಂದಿದ್ದರು. ಎರಡು ತಿಂಗಳಿಗೆ ಬಾಟಲಿಯ ಚೂರಿನ ವರದಿ ಬಂತು. ಅದು ಕ್ಯಾನ್ಸರೇ ಆಗಿತ್ತು, ಆದರೆ ಬೇರು ಉಳಿಯದಂತೆ ಕಿತ್ತು ಬಂದಿತ್ತು. ವರ್ಷಕ್ಕೆರಡು ಸಲ ಶಿಕಾರಿಪುರದ ಆಸ್ಪತ್ರೆಗೆ ಹೋಗಿ ಕೈ, ಕಿವಿ ತೋರಿಸಿ ಬರುವುದನ್ನು ಅವಳು ಮುಂದೆ ಒಮ್ಮೆಯೂ ತಪ್ಪಿಸಲಿಲ್ಲ. ಕಿವಿಯನ್ನು ಸೆರಗಿನಡಿ ಮುಚ್ಚುವುದು ಮಾತ್ರ ಬಿಟ್ಟಳು, ನೆರಳಲ್ಲಿ ಕೂತಾಗ.

ಪರಮಶಿವಪ್ಪ ಹದಿನೈದು ದಿನ ಅಕ್ಕನ ಮುಖ ನೋಡಲಿಲ್ಲ. ಅವಳೂ ಮಾತಾಡಿಸಲಿಲ್ಲ. ಒಂದು ಸಂಜೆ ಸೊರಬದಿಂದ ಬಂದವನು ಕಂಕುಳಲ್ಲಿದ್ದ ಒಂದು ಸಾಮಾನನ್ನು ಜಗಲಿಯ ಮೇಲಿಟ್ಟು ಒಳಗೆ ಹೊರಟ. ಅದೊಂದು ಗೊರಬು. ನಾಲ್ಕು ವರ್ಷದ ಮಗುವಿನ ಅಳತೆ ಹೇಳಿ ಹೆಣೆಸಿದ ಗೊರಬು. ಅಂಥದ್ದನ್ನು ಆ ಸೀಮೆಯಲ್ಲಿ ಯಾರೂ ಮಾಡಿಸಿದ್ದಿಲ್ಲ.

ಕೈಗೆ ಬಟ್ಟೆ ಸುತ್ತಿಕೊಂಡು ಅಕ್ಕಿ ಆರಿಸುತ್ತಿದ್ದ ಅಕ್ಕನಾಗಮ್ಮ ಮೊರ ಕೆಳಗಿಟ್ಟಳು.

"ನಿಲ್ಲು ಪರಮೇಶಿ. ಅಪ್ಪನೂ ಹಿಂಗ ಇಟ್ಟು ಹೊಂಟುಹೋದ. ಅವನ ಬಾಯಾಗಿಂದ ಒಂದು ಮಾತು ಬರ್ತದೇನೋ ಅಂತ ವರ್ಷಗಟ್ಟಲೆ ಕಾದೆ. ಅವನು ಸತ್ತ. ನೀನಾದ್ರೂ ಬಾಯಿಬಿಟ್ಟು ಹೇಳು."

ಪರಮಶಿವಪ್ಪ ಹೊಸಿಲ ಹತ್ತಿರ ನಿಂತ.

"ತಪ್ಪಾತು ಅಕ್ಕ."

"ನನಗಲ್ಲ" ಅಂದಳು ಅಕ್ಕನಾಗಮ್ಮ. "ಅವಳಿಗೆ."

ನೀಲಾಂಬಿಕ ಅಂಗಳದ ನೆರಳಲ್ಲಿ ಕಲ್ಲು ಗುಡ್ಡೆ ಹಾಕಿ ಆಡುತ್ತಿತ್ತು. ಶಿಕಾರಿಪುರದ ಮಂಡಿಯಲ್ಲಿ ನಾಲ್ಕು ಜನರ ನಡುವೆ ತಲೆಯೆತ್ತಿ ಮಾತಾಡುವ ಪರಮಶಿವಪ್ಪ ಮಗಳ ಮುಂದೆ ಮಂಡಿಯೂರಿ ಕೂತ. ಸಣ್ಣ ಗೊರಬನ್ನು ಅವಳ ತಲೆಗೆ ಹಾಕಿ, ಅದರಂಚು ಹಿಡಿದುಕೊಂಡೇ ಹೇಳಿದ.

"ತಪ್ಪಾತವ್ವ."

ಮಗುವಿಗೆ ಏನು ಅರ್ಥವಾಯಿತೋ. ಅಪ್ಪನ ಮುಖವನ್ನೇ ನೋಡಿತು. ಆಮೇಲೆ ಗೊರಬು ಸ್ವಲ್ಪ ಹಿಂದಕ್ಕೆ ಸರಿಸಿ, ಇಳಿಬಿಸಿಲು ಬಿದ್ದಿದ್ದ ಅವನ ಬರಿಯ ತಲೆಯ ಮೇಲೆ ತನ್ನ ಎರಡೂ ಪುಟ್ಟ ಅಂಗೈಗಳನ್ನು ಅಡ್ಡ ಹಿಡಿಯಿತು.